ಗೋಥಮ್, ವಕಾಂಡ, ಶೀಲ್ಡ್: ಬೀದರ್ ಕಥೆಗೆ ಒಗ್ಗುವ ಅಚ್ಚು ಯಾವುದು?

ಕಲಬುರಗಿ, ಬೀದರ್ ಸೀಮೆಯಲ್ಲಿ ಸ್ವಂತ ಸೂಪರ್‌ಹೀರೋ ಕಾಮಿಕ್ಸ್ ಮಾಡುವವರು ವೇಷಕ್ಕಿಂತ ಮೊದಲು ನೆಲೆ ಗಟ್ಟಿ ಮಾಡಿಕೊಳ್ಳಬೇಕು. ಅದಕ್ಕಾಗಿ ಗೂಢಚಾರ ಸಂಸ್ಥೆ ಶೀಲ್ಡ್, ಬ್ಯಾಟ್‌ಮನ್‌ನ ಊರು ಗೋಥಮ್, ಬ್ಲ್ಯಾಕ್ ಪ್ಯಾಂಥರ್‌ನ ದೇಶ ವಕಾಂಡ, ಹೀಗೆ ಅಮೆರಿಕನ್ ಕಾಮಿಕ್ಸ್‌ನ ಮೂರು ನೆಲೆಗಳ ಅಚ್ಚಿನಲ್ಲಿ ಒಂದೇ ಕಥೆಯನ್ನು ಬರೆದು ನೋಡಿದೆವು: ಬೀದರ್ ಕೋಟೆಯ ಮಣ್ಣನ್ನು ಯಾರೋ ರಾತ್ರೋರಾತ್ರಿ ಲಾರಿಗಟ್ಟಲೆ ಸಾಗಿಸುತ್ತಿದ್ದಾರೆ. ಎರಡು ಎ4 ಹಾಳೆ ನಡುವೆ ಮಡಿಸಿದರೆ ಎಂಟು ಪುಟ, ಪುಟಕ್ಕೆ ಐದು ಚೌಕಟ್ಟಿನಂತೆ ನಲವತ್ತು. ಅಷ್ಟರಲ್ಲೇ ಮುಗಿಯಬೇಕು.

ಶೀಲ್ಡ್ ಅಚ್ಚು ಇಲ್ಲಿ ನಿಲ್ಲಲಿಲ್ಲ. 1965ರಲ್ಲಿ ಮಾರ್ವೆಲ್ ಪ್ರಕಾಶನದ ‘ಸ್ಟ್ರೇಂಜ್ ಟೇಲ್ಸ್’ 135ನೇ ಸಂಚಿಕೆಯಲ್ಲಿ ಶೀಲ್ಡ್, ಅದರ ವೈರಿ ಹೈಡ್ರಾ, ಅದರ ಹಾರುವ ನೆಲೆ ಹೆಲಿಕ್ಯಾರಿಯರ್ ಎಲ್ಲ ಒಟ್ಟಿಗೇ ಬಂದವು. ಓದುಗರಿಗೆ ಶೀಲ್ಡ್ ಮುಖ್ಯಸ್ಥ ನಿಕ್ ಫ್ಯೂರಿ ಮೊದಲೇ ಗೊತ್ತಿದ್ದ, ಹಾಗಾಗಿ ನಡೆಯಿತು. ಹೊಸ ಸಂಸ್ಥೆಗೆ ಆ ಅನುಕೂಲವಿಲ್ಲ. ಮುಖ್ಯಸ್ಥ, ಏಜೆಂಟರು, ಕಚೇರಿ, ವೈರಿ ಎಂದು ಪರಿಚಯ ಮಾಡಿಸುವಷ್ಟರಲ್ಲೇ ಮೂರು ಪುಟ ಖಾಲಿ. ಅಷ್ಟು ದೊಡ್ಡ ಸಂಸ್ಥೆ ಬಂದಮೇಲೆ ಊರಿನ ನಾಯಕನಿಗೆ ಕೆಲಸವೂ ಉಳಿಯುವುದಿಲ್ಲ.

ಗೋಥಮ್ ಅಚ್ಚು ಧಾರಾವಾಹಿಗೆ ಸರಿ. ‘ಡಿಟೆಕ್ಟಿವ್ ಕಾಮಿಕ್ಸ್’ನ 1939ರ ಮೇ ಸಂಚಿಕೆಯಲ್ಲಿ ಬ್ಯಾಟ್‌ಮನ್ ಬಂದಾಗ ಗೋಥಮ್ ಎಂಬ ಹೆಸರೇ ಇರಲಿಲ್ಲ. ಮನೋರೋಗಿ ಖಳರನ್ನು ಇರಿಸುವ ಅರ್ಕಮ್ ಆಸ್ಪತ್ರೆ ಕಾಣಿಸಿಕೊಂಡದ್ದು 1974ರಲ್ಲಿ. ಒಂದೊಂದೇ ಸಂಸ್ಥೆ ಸೇರಿ ಆ ಊರು ಬೆಳೆದಿದೆ, ನೀವೂ ಒಂದೇ ಸಲ ಹತ್ತು ತುರುಕಬೇಡಿ. ಕಲಬುರಗಿಗೆ ಕೋಟೆ, ಜಗತ್ ಸರ್ಕಲ್, ಶರಣಬಸವೇಶ್ವರ ಕೆರೆ ಸಾಕು. ನಕ್ಷೆ ಮೊದಲು, ಹೊಡೆದಾಟ ಆಮೇಲೆ.

ತೊಡಕು ಇರುವುದು ಕತ್ತಲೆಯಲ್ಲಿ. ಗೋಥಮ್‌ನ ಕಪ್ಪು ನಿಂತಿರುವುದು ಎತ್ತರದ ಕಟ್ಟಡ, ಕಿರಿದಾದ ಓಣಿ, ಮಳೆಯ ಮೇಲೆ. ನಮ್ಮ ಕಡೆಯ ಮಟಮಟ ಮಧ್ಯಾಹ್ನದಲ್ಲಿ ನೆರಳು ಕಾಲಡಿ ಮುದುಡಿರುತ್ತದೆ. ಕತ್ತಲೆ ಬೇಕೆಂದರೆ ಒಳಗೆ ಹೋಗಿ: ತೆರೆದ ಅಂಗಳವಿಲ್ಲದೆ ಪೂರ್ತಿ ಮುಚ್ಚಿದ ಕಲಬುರಗಿ ಕೋಟೆಯ ಜಾಮಾ ಮಸೀದಿಯ ಕಮಾನು ಸಾಲಿನಂಥ ಜಾಗಗಳಿಗೆ. ಜೆರಾಕ್ಸ್ ಹಾಳೆ ಮೇಲೆ ಮಾರ್ಕರ್ ಹಿಂಬದಿಗೆ ಸೋರುತ್ತದೆ. ದಪ್ಪ ಡ್ರಾಯಿಂಗ್ ಹಾಳೆ ತೆಗೆದುಕೊಂಡು, ಕಪ್ಪಿನ ನಡುವೆ ಬಿಳಿ ಗೆರೆ ಉಳಿಸಿ. ಇಲ್ಲದಿದ್ದರೆ ಜೆರಾಕ್ಸ್ ತೆಗೆದಾಗ ಮಸಿಯ ಮುದ್ದೆಯೇ ಕಾಣುವುದು.

ಆದರೆ ಬೀದರ್ ಕಥೆ ಕುದುರಿದ್ದು ವಕಾಂಡ ಅಚ್ಚಿನಲ್ಲಿ. ಸ್ಟಾನ್ ಲೀ, ಜ್ಯಾಕ್ ಕರ್ಬಿ 1966ರಲ್ಲಿ ‘ಫೆಂಟಾಸ್ಟಿಕ್ ಫೋರ್’ 52ರಲ್ಲಿ ತಂದ ಈ ದೇಶ ಒಂದೇ ನಿಯಮದ ಮೇಲೆ ನಿಂತಿದೆ: ಅಲ್ಲಿನ ಕಾಲ್ಪನಿಕ ಲೋಹ ವೈಬ್ರೇನಿಯಂ ಕಂಪನವನ್ನು ಹೀರುತ್ತದೆ. ಸಂಪತ್ತು, ಗುಟ್ಟು, ಲೂಟಿಗೆ ಬಂದ ಖಳ ಕ್ಲಾ, ಎಲ್ಲದಕ್ಕೂ ಅದೇ ಬೇರು.

ಬೀದರಿನಲ್ಲಿ ಆ ನಿಯಮ ಕೈಗೆ ಸಿಕ್ಕೇ ಇದೆ. ಸತು, ತಾಮ್ರದ ಬಿದರಿ ಪಾತ್ರೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಹಾಗೇ ಹೊಳೆಯುತ್ತದೆ. ಇದಕ್ಕೆ ನಾವು ಸೇರಿಸಿದ ಕಲ್ಪನೆ ಒಂದೇ: ಕಪ್ಪಾದ ಲೋಹ ಬೆಳಕನ್ನು ನುಂಗುತ್ತದೆ. ಕತ್ತಲಲ್ಲಿ ನಾಯಕಿಯ ಕವಚ ಕಾಣದು, ಬೆಳ್ಳಿಯ ಬಳ್ಳಿ ಮಾತ್ರ ಓಡಾಡುತ್ತದೆ. ಬಿಡಿಸುವುದೂ ಸುಲಭ. ಕುಶಲಕರ್ಮಿಗಳು ಹುಡುಕುವುದು ಬಿಸಿಲು, ಮಳೆ ತಾಗದ ಮಣ್ಣನ್ನು. ಹಾಗಾಗಿ ತೆರೆದ ಲಾರಿಯಲ್ಲಿ ಮಳೆ ನೆನೆದರೆ ಕಳ್ಳನ ಮಾಲು ಬರೀ ಮಣ್ಣು. ಕೊನೆಯ ಪುಟ ತಾನಾಗಿ ಸಿಕ್ಕಿತು.

ಕೆಡುವುದು ಎಲ್ಲಿ? ಅದೇ ಲೋಹಕ್ಕೆ ಗಾಯ ಮಾಯಿಸುವ, ಹಾರುವ ಗುಣ ಅಂಟಿಸಿದಾಗ. ಆಗ ನಾಯಕಿಗೆ ಅಪಾಯವೇ ಉಳಿಯುವುದಿಲ್ಲ. ಇನ್ನೊಂದು ಗುಣ ಬೇಕೇ ಬೇಕೆಂದರೆ ಮಾರ್ವೆಲ್ ಮಾಡಿದಂತೆ ಮಾಡಿ: ಲೋಹಗಳನ್ನು ಕರಗಿಸುವ ಅಂಟಾರ್ಕ್ಟಿಕಾದ ವೈಬ್ರೇನಿಯಂ ಅಲ್ಲಿ ಬೇರೆಯೇ ಬಗೆ. ಇನ್ನು ಹೆದ್ದಾರಿ ಹಾದುಹೋಗುವ ಬೀದರನ್ನು ವಕಾಂಡದಂತೆ ಜಗತ್ತಿನಿಂದ ಬಚ್ಚಿಡಲಾಗದು. ಗುಟ್ಟನ್ನು ನೆಲದಡಿಗೆ, ನೌಬಾದಿನ ಕರೇಜ್ ಎಂಬ ಹಳೆಯ ನೀರಿನ ಸುರಂಗಕ್ಕೆ ಇಳಿಸಿ. ಸುರಂಗದುದ್ದಕ್ಕೂ ಮೇಲಕ್ಕೆ ತೆರೆದ ಬಾವಿಗಳಿವೆ. ನಕ್ಷೆಯಲ್ಲಿ ಅವಕ್ಕೆ ಸಂಖ್ಯೆ ಕೊಟ್ಟು, ಯಾರು ಯಾವ ಬಾವಿಯಿಂದ ಇಳಿದರು, ಎಲ್ಲಿ ಹೊರಬಿದ್ದರು ಎಂದು ಚೌಕಟ್ಟು ಬಿಡಿಸುವ ಮುನ್ನವೇ ಬರೆದಿಟ್ಟುಕೊಳ್ಳಿ.