ಕೆನಡಾ ಪೌರತ್ವ ಪರೀಕ್ಷೆ: ಪುಸ್ತಕ ಓದೋದಾ, ಆ್ಯಪ್‌ನಲ್ಲಿ ಪ್ರಶ್ನೆ ಬಿಡಿಸೋದಾ?

ಪರೀಕ್ಷೆಯಲ್ಲಿ 20 ಪ್ರಶ್ನೆ. ಪಾಸಾಗಲು 15 ಸರಿ ಬೇಕು. ಪ್ರಶ್ನೆಗಳು ಬರುವುದು 'ಡಿಸ್ಕವರ್ ಕೆನಡಾ' ಎಂಬ ಸರ್ಕಾರಿ ಕೈಪಿಡಿಯಿಂದ. ಅದು ಉಚಿತ, ಆಡಿಯೋ ಕೂಡ ಇದೆ.

ಆ್ಯಪ್‌ನ ಲಾಭ ವೇಗ. ಬಸ್ಸಿನಲ್ಲಿ ಕೂತೇ ಹತ್ತು ಪ್ರಶ್ನೆ ಮುಗಿಸಬಹುದು, ಎಲ್ಲಿ ಎಡವುತ್ತೀರಿ ಅನ್ನೋದು ಕೂಡಲೇ ಗೊತ್ತಾಗುತ್ತದೆ. ಆದರೆ ನಾಲ್ಕು ಉತ್ತರ ಕಣ್ಣಮುಂದೆ ಇರುವಾಗ ಸುಮ್ನೆ ಗುರುತು ಹಿಡಿಯುವ ಅಭ್ಯಾಸವಾಗುತ್ತದೆ. ಪ್ರಶ್ನೆಯ ಮಾತು ಸ್ವಲ್ಪ ಬದಲಾದರೆ ತಡವರಿಸುತ್ತೇವೆ. ಹಳೆಯ ಪಟ್ಟಿಗಳೂ ಜಾಸ್ತಿ. ರಾಷ್ಟ್ರದ ಮುಖ್ಯಸ್ಥರಾಗಿ ಇನ್ನೂ ರಾಣಿ ಎಲಿಜಬೆತ್ ಹೆಸರಿದ್ದರೆ ಆ ಆ್ಯಪ್ ಬಿಟ್ಟುಬಿಡಿ. 2022ರಿಂದ ಮೂರನೇ ಚಾರ್ಲ್ಸ್ ದೊರೆ.

ಕೈಪಿಡಿ ನಿಧಾನ, ಆದರೆ ಕಾರಣ ಹೇಳುತ್ತದೆ. ನಮಗಂತೂ ಆಡಳಿತದ ಭಾಗ ಸಲೀಸು: ಪ್ರೀಮಿಯರ್ ಅಂದರೆ ನಮ್ಮ ಮುಖ್ಯಮಂತ್ರಿ, ಲೆಫ್ಟಿನೆಂಟ್ ಗವರ್ನರ್ ಹೆಚ್ಚುಕಡಿಮೆ ರಾಜ್ಯಪಾಲರು. ಕಷ್ಟ ಕೊಡುವುದು ಭೂಗೋಳ. ಬ್ರಿಟಿಷ್ ಕೊಲಂಬಿಯಾದ ರಾಜಧಾನಿ ವ್ಯಾಂಕೂವರ್ ಅಲ್ಲ, ವಿಕ್ಟೋರಿಯಾ. ಸೇಂಟ್ ಜಾನ್ ಇರುವುದು ನ್ಯೂ ಬ್ರನ್ಸ್‌ವಿಕ್‌ನಲ್ಲಿ, ಸೇಂಟ್ ಜಾನ್ಸ್ ನ್ಯೂಫೌಂಡ್‌ಲ್ಯಾಂಡ್‌ನ ರಾಜಧಾನಿ. ಒಂದೇ ಅಕ್ಷರ ತಪ್ಪಿದರೂ ಅಂಕ ಹೋಯ್ತು, ಅಲ್ವಾ? ಇದಕ್ಕೆ ಖಾಲಿ ನಕ್ಷೆಯೇ ಮದ್ದು. 10 ಪ್ರಾಂತ್ಯ, 3 ಟೆರಿಟರಿ (ಹೆಚ್ಚುಕಡಿಮೆ ನಮ್ಮ ಕೇಂದ್ರಾಡಳಿತ ಪ್ರದೇಶದಂಥವು), ಅವುಗಳ ರಾಜಧಾನಿಗಳನ್ನು ಪುಸ್ತಕ ಮುಚ್ಚಿ ಕೈಯಾರೆ ಬರೆಯಿರಿ. 1867ರಲ್ಲಿ ಒಂದಾಗಿ ಕೆನಡಾ ಕಟ್ಟಿದ ನಾಲ್ಕು ಪ್ರಾಂತ್ಯಗಳಿಗೆ ಬೇರೆ ಬಣ್ಣ ಹಚ್ಚಿ. 1949ರಲ್ಲಿ ಸೇರಿದ ನ್ಯೂಫೌಂಡ್‌ಲ್ಯಾಂಡ್, 1999ರಲ್ಲಿ ಹುಟ್ಟಿದ ನುನಾವುಟ್ ಟೆರಿಟರಿ ಆಮೇಲೆ ತಾನಾಗಿ ನೆನಪಿರುತ್ತವೆ.

ನನ್ನ ಆಯ್ಕೆ ಕೈಪಿಡಿಯೇ. ಕೆಲಸದ ಒತ್ತಡವಿದ್ದರೆ ಆಡಿಯೋ ಕೇಳಿ. ಆ್ಯಪ್ ಕೊನೆಯ ವಾರಕ್ಕಿರಲಿ.