ಬಿ450 ಬೋರ್ಡಿಗೆ ಯಾವ ರ‍್ಯಾಮ್: ಒಂಟಿ ಸ್ಟಿಕ್, ಬೆರಕೆ ಜೋಡಿ, ಕಿಟ್

ಡಿಡಿಆರ್4 ಎಂಬ ಹಿಂದಿನ ತಲೆಮಾರಿನ ರ‍್ಯಾಮಿನ ಕಾಲದ ಡೆಸ್ಕ್‌ಟಾಪ್‌ಗಳು ಇಂದಿಗೂ ಎಷ್ಟೋ ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ದುಡಿಯುತ್ತಿವೆ. ಅವುಗಳ ರ‍್ಯಾಮ್ ಹೆಚ್ಚಿಸಲು ಹೊರಟವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಅಚ್ಚಾದ ವೇಗದ ಸಂಖ್ಯೆಯೊಂದನ್ನೇ ನೋಡಿ ಕೊಳ್ಳುತ್ತಾರೆ. ನಾಲ್ಕು ಸ್ಲಾಟ್‌ಗಳಿರುವ ಬಿ450 ಮದರ್‌ಬೋರ್ಡ್ ಮತ್ತು ಎಎಂಡಿ ಕಂಪನಿಯ ರೈಜೆನ್ 5 5600ಜಿ ಪ್ರೊಸೆಸರ್ ಇರುವ ಒಂದೇ ಯಂತ್ರದಲ್ಲಿ ಬೇರೆ ಬೇರೆ ಜೋಡಣೆಗಳನ್ನು ಬಳಸಿ ನೋಡಿದ ಮೇಲೆ, ಆ ಸಂಖ್ಯೆಗಿಂತ ಸ್ಟಿಕ್‌ಗಳು (ರ‍್ಯಾಮ್ ಪಟ್ಟಿಗಳು) ಎಷ್ಟಿವೆ, ಯಾವ ಸ್ಲಾಟ್‌ನಲ್ಲಿ ಕೂತಿವೆ, ಒಂದಕ್ಕೊಂದು ಹೊಂದುತ್ತವೆಯೇ ಎಂಬುದೇ ಹೆಚ್ಚು ಮುಖ್ಯವೆಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಈ ಯಂತ್ರಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್‌ನೊಳಗಿನ ರೇಡಿಯಾನ್ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ವ್ಯತ್ಯಾಸ ಎದ್ದು ಕಾಣುತ್ತದೆ.

ಮೊದಲ ಹೋಲಿಕೆ 3200 ವೇಗದ (ಅಂದರೆ ಸೆಕೆಂಡಿಗೆ 320 ಕೋಟಿ ಸಲ ದತ್ತಾಂಶ ಸಾಗಿಸುವ) 16 ಜಿಬಿಯ ಒಂದೇ ಸ್ಟಿಕ್ ಮತ್ತು 2666 ವೇಗದ 8 ಜಿಬಿಯ ಎರಡು ಸ್ಟಿಕ್‌ಗಳ ನಡುವೆ. ಮುಂದೆ ಇನ್ನೊಂದನ್ನು ಸೇರಿಸಬಹುದೆಂಬ ಕಾರಣಕ್ಕೆ ಅಂಗಡಿಗಳಲ್ಲಿ ಒಂಟಿ ಸ್ಟಿಕ್ಕನ್ನೇ ಹೆಚ್ಚಾಗಿ ಸೂಚಿಸುತ್ತಾರೆ. ಆದರೆ ಒಂದು ಚಾನೆಲ್ (ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ದಾರಿ; ಈ ಯಂತ್ರದಲ್ಲಿ ಇಂಥವು ಎರಡು) ಒಂದು ಸಲಕ್ಕೆ ಸಾಗಿಸುವುದು 8 ಬೈಟ್ ಮಾತ್ರ. 3200ರ ಒಂಟಿ ಸ್ಟಿಕ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಿದರೆ, ನಿಧಾನವೆನಿಸಿಕೊಂಡ 2666ರ ಜೋಡಿ ಎರಡೂ ಚಾನೆಲ್‌ಗಳನ್ನು ಬಳಸಿ ಸುಮಾರು 42.7 ಜಿಬಿ ಸಾಗಿಸಬಲ್ಲದು. ಪತ್ರ ಬರೆಯುವುದು, ಬ್ರೌಸರ್ ನೋಡುವುದು ಮುಂತಾದ ಕೆಲಸಗಳಲ್ಲಿ ಎರಡಕ್ಕೂ ಭೇದ ಕಾಣಲಿಲ್ಲ. ಆಟಗಳಲ್ಲಿ ಮಾತ್ರ ಒಂಟಿ ಸ್ಟಿಕ್ ತಡವರಿಸಿದ ಕಡೆಗಳಲ್ಲೆಲ್ಲ ಜೋಡಿ ಸರಾಗವಾಗಿ ನಡೆಯಿತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಈ ಅಂತರ ಇಷ್ಟು ದೊಡ್ಡದಾಗಿರುವುದಿಲ್ಲ.

ಎರಡನೆಯದು ಬೆರಕೆ ಜೋಡಿ, ಅಂದರೆ ಹಳೆಯ 2666ರ ಸ್ಟಿಕ್ಕಿನ ಪಕ್ಕದಲ್ಲಿ ಬೇರೆ ಕಂಪನಿಯ ಹೊಸ 3200ರ ಸ್ಟಿಕ್. ಎರಡೂ 8 ಜಿಬಿ, ಎರಡೂ ಡಿಡಿಆರ್4. ಯಂತ್ರ ಶುರುವಾಯಿತು, ಎರಡು ಚಾನೆಲ್‌ಗಳೂ ಕೆಲಸ ಮಾಡಿದವು, ಆದರೆ ಬೋರ್ಡ್ ಎರಡನ್ನೂ 2666ಕ್ಕೇ ಇಳಿಸಿತು. ಹೊಸದಕ್ಕೆ ಕೊಟ್ಟ ಹೆಚ್ಚಿನ ಹಣ ಅಲ್ಲಿಗೆ ವ್ಯರ್ಥ. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿಯನ್ನು, ಅಂದರೆ ಸ್ಟಿಕ್ಕಿನಲ್ಲೇ ದಾಖಲಾಗಿರುವ ಹೆಚ್ಚಿನ ವೇಗದ ಸೆಟ್ಟಿಂಗನ್ನು, ಆನ್ ಮಾಡಿದರೆ ತೆರೆ ಕಪ್ಪಾಗಿಯೇ ಉಳಿಯಿತು. ಸಿಮಾಸ್ (ಬಯೋಸ್ ಸೆಟ್ಟಿಂಗ್‌ಗಳು ಉಳಿದಿರುವ ಸ್ಮೃತಿ) ತೆರವು ಮಾಡಿ ಮೊದಲಿನ ಸ್ಥಿತಿಗೆ ತರಬೇಕಾಯಿತು.

ಇಂಥ ಜೋಡಿಯನ್ನೇ ಮಾಡುವುದಾದರೆ ಸ್ಟಿಕ್ಕಿನ ಮೇಲಿನ ಚೀಟಿಯನ್ನು ಓದಬೇಕು. ಅದರಲ್ಲಿ 8 ಜಿಬಿಯ ಪಕ್ಕದಲ್ಲೇ 1ಆರ್×8 ಅಥವಾ 1ಆರ್×16 ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ. ಆರ್ ಎಂದರೆ ರ‍್ಯಾಂಕ್, ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು; × ನಂತರದ ಸಂಖ್ಯೆ ಪ್ರತಿ ಚಿಪ್ ಒಂದು ಸಲಕ್ಕೆ ಕೊಡುವ ಬಿಟ್‌ಗಳು. ಮೊದಲನೆಯದರಲ್ಲಿ ಎಂಟು ಕಪ್ಪು ಚಿಪ್‌ಗಳಿದ್ದರೆ ಎರಡನೆಯದರಲ್ಲಿ ನಾಲ್ಕೇ ಇರುತ್ತವೆ. ×16 ಬಗೆಯ ಡಿಡಿಆರ್4 ಚಿಪ್‌ನಲ್ಲಿ ಬ್ಯಾಂಕ್ ಗುಂಪುಗಳು (ಸರದಿಯಂತೆ ಕೆಲಸ ಮಾಡುವ ಒಳ ವಿಭಾಗಗಳು) ನಾಲ್ಕರ ಬದಲು ಎರಡೇ ಇರುವುದರಿಂದ, ಅಚ್ಚಾದ ವೇಗ ಒಂದೇ ಆಗಿದ್ದರೂ ಅದು ಹಿಂದೆ ಬೀಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಯಾಗಿ ಕೊಳ್ಳುವವರು ಇದನ್ನು ಅಂಗಡಿಯಲ್ಲೇ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಲೋಹದ ಹೊದಿಕೆಯಿಲ್ಲದ ಸ್ಟಿಕ್‌ಗಳಲ್ಲಿ ಚಿಪ್‌ಗಳನ್ನು ಕಣ್ಣಳತೆಯಲ್ಲೇ ಎಣಿಸಬಹುದು.

ಮೂರನೆಯದು ಒಂದೇ ಪೆಟ್ಟಿಗೆಯಲ್ಲಿ ಬರುವ ಕಿಟ್: 8 ಜಿಬಿಯ ಎರಡು ಸ್ಟಿಕ್, 3200 ವೇಗ, ಸಿಎಲ್16 (ಕೇಳಿದ ದತ್ತಾಂಶ ಬರುವ ಮೊದಲು ಗಡಿಯಾರದ 16 ಸುತ್ತುಗಳ ಕಾಯುವಿಕೆ), 1.35 ವೋಲ್ಟ್. ನನ್ನ ಆಯ್ಕೆ ಇದೇ. ಎಕ್ಸ್‌ಎಂಪಿ ಆನ್ ಮಾಡಿದ ಕೂಡಲೇ ಹೇಳಿದ ವೇಗಕ್ಕೆ ಬಂತು, ಮತ್ತೆ ಅದನ್ನು ಮುಟ್ಟಬೇಕಾಗಲಿಲ್ಲ. ಎಕ್ಸ್‌ಎಂಪಿ ಇಲ್ಲದ, 1.2 ವೋಲ್ಟಿನ ಸಾದಾ 3200 ಸ್ಟಿಕ್‌ಗಳು ಹೆಚ್ಚಾಗಿ ಸಿಎಲ್22 ಆಗಿರುತ್ತವೆ. ಲೆಕ್ಕ ಹಾಕಿದರೆ ಸಿಎಲ್16ರ ಕಾಯುವಿಕೆ 10 ನ್ಯಾನೊಸೆಕೆಂಡ್, ಸಿಎಲ್22ರದು 13.75. ಬೆಲೆಯಲ್ಲಿ ಸ್ವಲ್ಪವೇ ಅಂತರವಿದ್ದರೆ ಸಿಎಲ್16 ಕೊಳ್ಳಬೇಕು. ಆದರೆ ಬಣ್ಣದ ದೀಪ, ಎತ್ತರದ ಹೊದಿಕೆಗಳಿಗಾಗಿ ಹಣ ಸುರಿಯಬಾರದು, ಅವು ದೊಡ್ಡ ಏರ್ ಕೂಲರ್‌ಗೆ ಅಡ್ಡವೂ ಆಗುತ್ತವೆ.

32 ಜಿಬಿ ಬೇಕಾದವರು 8 ಜಿಬಿಯ ನಾಲ್ಕು ಸ್ಟಿಕ್‌ಗಳಿಗಿಂತ 16 ಜಿಬಿಯ ಎರಡನ್ನು ಕೊಳ್ಳುವುದು ಲೇಸು. 5600ಜಿಗೆ ಎಎಂಡಿ ಹೇಳುವ ಮಿತಿ ಎರಡು ಸ್ಟಿಕ್‌ಗಳಿಗೆ 3200; ನಾಲ್ಕನ್ನೂ ತುಂಬಿದರೆ ಒಂದು ರ‍್ಯಾಂಕಿನವಕ್ಕೆ 2933, ಎರಡು ರ‍್ಯಾಂಕಿನವಕ್ಕೆ 2667. ಅದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಲು ಸಾಧ್ಯವಾದರೂ ಅದಕ್ಕೆ ಖಾತರಿಯಿಲ್ಲ.

ಜೋಡಿಸುವಾಗ ಸ್ಥಾನ ತಪ್ಪಬಾರದು. ಎರಡು ಸ್ಟಿಕ್‌ಗಳಿದ್ದರೆ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್, ಅಂದರೆ ಎ2 ಮತ್ತು ಬಿ2. ಇಂಥ ಬಹುತೇಕ ಬೋರ್ಡ್‌ಗಳಲ್ಲಿ ತಂತಿದಾರಿ ಒಂದು ಸ್ಲಾಟನ್ನು ಹಾದು ಇನ್ನೊಂದರಲ್ಲಿ ಮುಗಿಯುತ್ತದೆ. ಕೊನೆಯದು ಖಾಲಿ ಉಳಿದರೆ ಸಂಕೇತ ಅಲ್ಲಿಂದ ಮರಳಿ ಬಂದು ಗೊಂದಲ ಮಾಡುತ್ತದೆ. ಕರೆಂಟಿನ ವೈರ್ ಕಿತ್ತು, ಉಳಿದ ವಿದ್ಯುತ್ ಹರಿದುಹೋಗಲು ಪವರ್ ಗುಂಡಿಯನ್ನು ಒಮ್ಮೆ ಒತ್ತಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿದ ಮೇಲೆ ಕೈಹಾಕಬೇಕು. ಸ್ಟಿಕ್ಕಿನ ಕಚ್ಚು ನಡುವೆ ಇರದೆ ಒಂದು ಬದಿಗೆ ಸರಿದಿರುತ್ತದೆ. ಅದನ್ನು ಸ್ಲಾಟಿನ ಉಬ್ಬಿಗೆ ಹೊಂದಿಸಿ ಎರಡೂ ತುದಿಗಳನ್ನು ಸಮನಾಗಿ ಒತ್ತಬೇಕು. ಕೆಲವು ಬೋರ್ಡ್‌ಗಳಲ್ಲಿ ಕೊಂಡಿ ಒಂದೇ ಬದಿಗಿರುವುದರಿಂದ, ಆ ಬದಿ ಟಕ್ಕೆಂದರೂ ಇನ್ನೊಂದು ತುದಿ ಅರ್ಧ ಮೇಲೆಯೇ ಉಳಿದಿರಬಹುದು.

ಮೊದಲ ಸಲ ಆನ್ ಮಾಡಿದಾಗ ತೆರೆ ಸ್ವಲ್ಪ ಹೊತ್ತು ಕಪ್ಪಾಗಿರುವುದು, ಯಂತ್ರ ತಾನೇ ಆಫ್ ಆಗಿ ಆನ್ ಆಗುವುದು ಸಹಜ. ಬೋರ್ಡ್ ಹೊಸ ರ‍್ಯಾಮಿಗೆ ಹೊಂದಿಕೊಳ್ಳುತ್ತಿರುತ್ತದೆ. ಆಮೇಲೆ ಯಂತ್ರದ ವಿವರ ತೋರಿಸುವ ಸಿಪಿಯು-ಜೆಡ್ ತಂತ್ರಾಂಶದಲ್ಲಿ 3200ರ ಬದಲು 1600 ಎಂದು ಕಂಡರೆ ಗಾಬರಿ ಬೇಡ. ಅದು ಗಡಿಯಾರದ ವೇಗ, ಡಿಡಿಆರ್ ಪ್ರತಿ ಸುತ್ತಿಗೆ ಎರಡು ಸಲ ದತ್ತಾಂಶ ಕಳಿಸುತ್ತದೆ. ಕೊನೆಗೆ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ ವೇಗವನ್ನು 2933ಕ್ಕೆ ಇಳಿಸಿ ಮತ್ತೆ ಪರೀಕ್ಷಿಸಿ. ಎಕ್ಸ್‌ಎಂಪಿ ಆಫ್ ಮಾಡಿದ ಮೇಲೂ ದೋಷ ಬಂದರೆ ಬದಲಿಸಿಕೊಡುವ ಅವಧಿ ಮುಗಿಯುವ ಮೊದಲೇ ಕಿಟ್ ಅನ್ನು ಅಂಗಡಿಗೆ ಒಯ್ಯಿರಿ.