ಟ್ರಂಪೆಟ್ ಊದುವ ತುಟಿಗೆ ಚಾಪ್‌ಸೇವರ್

ಮದುವೆ ಸೀಸನ್‌ನಲ್ಲಿ ಬ್ಯಾಂಡ್‌ಸೆಟ್ ಜೊತೆ ಮೂರು ಗಂಟೆ ಟ್ರಂಪೆಟ್ ಊದಿ ಮನೆಗೆ ಬಂದರೆ ತುಟಿ ಬೋಂಡಾ ಥರ ಊದಿಕೊಂಡಿರುತ್ತದೆ. ಮೊದಲು ಮೆಡಿಕಲ್ ಶಾಪಿನ ಯಾವುದೋ ಮೆಂಥಾಲ್ ಬಾಮ್ ಹಚ್ಚುತ್ತಿದ್ದೆ. ತಣ್ಣಗೇನೋ ಆಗುತ್ತಿತ್ತು, ಆದರೆ ಅರ್ಧ ಗಂಟೆಗೆ ಮತ್ತೆ ಒಣಗಿ ಸಿಪ್ಪೆ ಏಳುತ್ತಿತ್ತು, ಮೌತ್‌ಪೀಸ್ ಜಾರುವ ಕಾಟ ಬೇರೆ. ಈಗ ಹಚ್ಚುವುದು ಚಾಪ್‌ಸೇವರ್ ಎಂಬ ಲಿಪ್ ಬಾಮ್. ಇದನ್ನು ಮಾಡಿದ್ದು ಅಮೆರಿಕದ ಟ್ರಂಪೆಟ್ ವಾದಕ ಡ್ಯಾನ್ ಗಾಸ್ಲಿಂಗ್, ಅಂದರೆ ನಮ್ಮ ಕಷ್ಟ ಗೊತ್ತಿರುವವರೇ. ಇದರಲ್ಲಿ ಆರ್ನಿಕಾ, ಕ್ಯಾಲೆಂಡುಲಾ ಎಂಬ ಗಿಡಮೂಲಿಕೆಗಳು, ಶಿಯಾ ಬೀಜದ ಬೆಣ್ಣೆ ಇವೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ತುಟಿ ಮೆತ್ತಗಿರುತ್ತದೆ. ಊದುವ ಮುಂಚೆ ಮಾತ್ರ ಜಾಸ್ತಿ ಬೇಡ, ಒರೆಸಿಕೊಂಡೇ ಶುರು ಮಾಡಿ. ಹೊರದೇಶದಿಂದ ತರಿಸುವ ಖರ್ಚು ಕೈ ಕಚ್ಚುತ್ತದೆ. ದುಡ್ಡಿಲ್ಲದ ತಿಂಗಳು ಅಮ್ಮನ ತುಪ್ಪವೇ ಗತಿ. ಅದೂ ಪರವಾಗಿಲ್ಲ, ಬೆಕ್ಕು ಮುಖ ನೆಕ್ಕಲು ಬರುತ್ತದೆ ಅಷ್ಟೇ.